ಅಪ್ಪ ಅಮ್ಮನೊಂದಿಗೆ ಬರ್ಲಿನರ್ ಹ್ಯೂಟೆಗೆ: ಕಾರಿಲ್ಲದೆ, ಮೊಟ್ಟೆಯಿಲ್ಲದೆ

ಅಪ್ಪ ಅಮ್ಮನನ್ನು ಆಲ್ಪ್ಸ್‌ನ ಹಟ್ ಒಂದಕ್ಕೆ, ಅಂದರೆ ಬೆಟ್ಟ ಹತ್ತುವವರು ರಾತ್ರಿ ತಂಗುವ ಮನೆಗೆ, ಕರೆದೊಯ್ಯುವ ಯೋಜನೆಯನ್ನು ಮ್ಯೂನಿಕ್‌ನ ಕನ್ನಡ ಗೆಳೆಯರ ಮುಂದೆ ಇಟ್ಟಾಗಲೆಲ್ಲ ಬಂದ ಉತ್ತರ ಒಂದೇ: "ಅರವತ್ತೈದು ದಾಟಿದವರನ್ನು ಹಟ್‌ನಲ್ಲಿ ಮಲಗಿಸುತ್ತೀರಾ? ತ್ಸುಗ್‌ಸ್ಪಿಟ್ಸೆ ಶಿಖರಕ್ಕೆ ಕೇಬಲ್ ಕಾರ್ ಇದೆಯಲ್ಲ, ಹತ್ತಿಸಿ ಇಳಿಸಿಬಿಡಿ." ನಮ್ಮ ಬಳಿ ಕಾರಿಲ್ಲ. ಅಮ್ಮ ಮೊಟ್ಟೆ ಮುಟ್ಟುವವರಲ್ಲ. ಆದರೂ ಕಳೆದ ಸೆಪ್ಟೆಂಬರ್‌ನಲ್ಲಿ ನಾವು ನಾಲ್ವರೂ ಆಸ್ಟ್ರಿಯಾದ ತ್ಸಿಲ್ಲರ್‌ಟಾಲ್ ಕಣಿವೆಯ ಮೇಲೆ, 2042 ಮೀಟರ್ ಎತ್ತರದ ಬರ್ಲಿನರ್ ಹ್ಯೂಟೆಯಲ್ಲಿ (ಜರ್ಮನ್‌ನಲ್ಲಿ ಹಟ್‌ಗೆ ಹ್ಯೂಟೆ ಎನ್ನುತ್ತಾರೆ), ಎರಡು ರಾತ್ರಿ ನೆಮ್ಮದಿಯಾಗಿ ಮಲಗಿ ಎದ್ದು ಬಂದೆವು. ಮುಳ್ಳಯ್ಯನಗಿರಿಯ ನೆತ್ತಿಗಿಂತ ನೂರು ಮೀಟರ್ ಮೇಲೆ! ಹೇಗೆ ಮಾಡಿದಿರಿ ಎಂದು ಕೇಳುವವರು ಹೆಚ್ಚಿದ್ದರಿಂದ ಬರೆಯುತ್ತಿದ್ದೇನೆ.

ಹಿಂದಿನ ಪ್ರಯತ್ನಗಳು ಕೈಗೂಡಿರಲಿಲ್ಲ. ಒಂದು ವರ್ಷ ಜೂನ್ ಕೊನೆಗೆ ಹಟ್‌ನಿಂದ ಹಟ್‌ಗೆ ನಡೆಯುವ ಯೋಜನೆಯಿತ್ತು. ಆ ವರ್ಷ ಕಣಿವೆ ದಾಟುವ ಎತ್ತರದ ದಾರಿಗಳಲ್ಲಿ ಹಿಮ ಕರಗಲೇ ಇಲ್ಲ. ಹಟ್ ನೋಡಿಕೊಳ್ಳುವವರು ಫೋನಿನಲ್ಲಿ "ಹಿರಿಯರನ್ನು ತರಬೇಡಿ" ಎಂದು ಸ್ಪಷ್ಟವಾಗಿ ಹೇಳಿದರು. ಅಷ್ಟರಲ್ಲಿ ರದ್ದು ಮಾಡುವ ಗಡುವು ಮುಗಿದಿತ್ತು. ಮೂರು ಹಟ್‌ಗಳ ಮುಂಗಡ ಸೇರಿ ಸುಮಾರು 180 ಯೂರೋ ಹೋಯಿತು. ಇನ್ನೊಂದು ಬೇಸಿಗೆ, ಆಗಸ್ಟ್‌ನ ವಾರಾಂತ್ಯಕ್ಕೆ ಸಾಲು ಹಾಸಿಗೆಯ ಸಾಮೂಹಿಕ ಕೋಣೆ (ಲಾಗರ್) ಮಾತ್ರ ಸಿಕ್ಕಿತು. ಅಪರಿಚಿತರ ಭುಜಕ್ಕೆ ಭುಜ ತಾಗಿಸಿ ಅಮ್ಮ ಮಲಗುವುದು ಆಗದ ಮಾತು. ಜೊತೆಗೆ ಪ್ರತಿ ಮಧ್ಯಾಹ್ನವೂ ಗುಡುಗು ಸಿಡಿಲಿನ ಮುನ್ಸೂಚನೆ. ಅದನ್ನೂ ಬಿಟ್ಟೆವು.

ಆಮೇಲೆ ಲೆಕ್ಕವನ್ನು ತಿರುಗಿಸಿದೆ. ಎಲ್ಲರೂ ಶಿಖರ ಆರಿಸಿ, ದಾರಿ ಗುರುತಿಸಿ, ಕೊನೆಗೆ ಹಾಸಿಗೆ ಹುಡುಕುತ್ತಾರೆ. ನಾನು ಮೊದಲು ಹಾಸಿಗೆ, ನಂತರ ಬಸ್, ಆಮೇಲೆ ಅಮ್ಮನ ಮಂಡಿ, ಕೊನೆಗೆ ಊಟ ಎಂದು ಹೊರಟೆ. ಶಿಖರವನ್ನು ಪಟ್ಟಿಯಿಂದಲೇ ತೆಗೆದೆ. ಹಟ್ಟೇ ಗುರಿ.

ಹಾಗೆ ನೋಡಿದರೆ ಬರ್ಲಿನರ್ ಹ್ಯೂಟೆಗೆ ಸಾಟಿಯಿಲ್ಲ. 1879ರಲ್ಲಿ ತೆರೆದ ಈ ಕಟ್ಟಡ 1997ರಿಂದ ಸಂರಕ್ಷಿತ ಸ್ಮಾರಕ. ಸಾಲು ಹಾಸಿಗೆಯಲ್ಲದೆ ಬಾಗಿಲಿರುವ ಕೋಣೆಗಳೂ ಇವೆ. ಮಂಗಳವಾರದಿಂದ ಗುರುವಾರದವರೆಗೆ, ಸೆಪ್ಟೆಂಬರ್ ಎರಡನೆಯ ವಾರ ಎಂದು ಗುರಿಯಿಟ್ಟೆ. ಆಗ ರಜೆಯ ಜನಸಂದಣಿ ಇಳಿದಿರುತ್ತದೆ, ಸಿಡಿಲಿನ ಕಾಟವೂ ಕಡಿಮೆ, ಹಟ್ ಇನ್ನೂ ಮುಚ್ಚಿರುವುದಿಲ್ಲ. ಕೋಣೆ ಭರ್ತಿ ಎಂದು ತೋರಿಸಿದರೂ ಬಿಡಬಾರದು. ದಂಡವಿಲ್ಲದೆ ರದ್ದು ಮಾಡುವ ಗಡುವು ಹತ್ತಿರವಾದಂತೆ ಹವಾಮಾನ ನೋಡಿ ಹಿಂಜರಿಯುವವರು ಜಾಗ ಬಿಟ್ಟುಕೊಡುತ್ತಾರೆ. ನನಗೆ ನಾಲ್ಕು ಹಾಸಿಗೆಯ ಕೋಣೆ ಸಿಕ್ಕಿದ್ದು ಹಾಗೆಯೇ. ಯಾವ ಹೊತ್ತಿನಲ್ಲಿ ನೋಡಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ವರ್ಷ ನನಗೂ ಹಾಸಿಗೆ ಬೇಕು.

ನನ್ನ ಮತ್ತು ಹೆಂಡತಿಯ ಬಳಿ ಜರ್ಮನಿಯ ಸ್ಥಳೀಯ ರೈಲು, ಬಸ್ಸುಗಳ ತಿಂಗಳ ಪಾಸ್ ಆದ ಡಾಯ್ಚ್‌ಲಾಂಡ್ ಟಿಕೆಟ್ ಇದೆ, ಅದು ಗಡಿಯಾಚೆಯ ಕುಫ್‌ಸ್ಟೈನ್‌ವರೆಗೂ ನಡೆಯುತ್ತದೆ. ಅಪ್ಪ ಅಮ್ಮನಿಗೆ ಒಂದು ದಿನದ ಬಯರ್ನ್ ಟಿಕೆಟ್. ಕುಫ್‌ಸ್ಟೈನ್‌ನಿಂದ ಯೆನ್‌ಬಾಖ್, ಮುಂದೆ ನ್ಯಾರೋಗೇಜ್ ರೈಲಿನಲ್ಲಿ ಮೇಯರ್‌ಹೋಫನ್. ಅದೇ ದಿನ ಹತ್ತಲು ಹೋಗದೆ ಅಲ್ಲೇ ಒಂದು ಸಾಧಾರಣ ವಸತಿಯಲ್ಲಿ ಉಳಿದೆವು. ಇದಕ್ಕೆ ಸುಮಾರು 150 ಯೂರೋ ಆಯಿತು. ಗೆಳೆಯರು ದಂಡ ಎಂದರು. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಸಾರ್ಥಕವಾದ ಹಣವೇ ಅದು. ಮರುದಿನ ಬೆಳಿಗ್ಗೆಯ ಬಸ್ಸಿನಲ್ಲಿ ಬ್ರೈಟ್‌ಲಾನರ್‌ನಲ್ಲಿ ಇಳಿದಾಗ ಇಡೀ ದಿನ ನಮ್ಮ ಕೈಯಲ್ಲಿತ್ತು.

ಬ್ರೈಟ್‌ಲಾನರ್‌ನಿಂದ ಹಟ್‌ವರೆಗೆ ಸುಮಾರು 800 ಮೀಟರ್ ಏರು, ಹಳದಿ ಫಲಕದ ಪ್ರಕಾರ ಮೂರು ಗಂಟೆಯ ಆಸುಪಾಸು. ಫಲಕದ ಸಮಯ ನಮಗಲ್ಲ. ನಮ್ಮ ಸಮಯವನ್ನು ನಾನು ಅಳೆದದ್ದು ಅಪ್ಪ ಅಮ್ಮ ಇರುವ ಮೈಸೂರಿನ ಲೆಕ್ಕದಲ್ಲಿ. ಅಪ್ಪ ಅಮ್ಮ ಏಪ್ರಿಲ್‌ನಿಂದ ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರು. ಬಸ್ಸಿನಲ್ಲಿ ಇಳಿಯಬಾರದು, ಇಳಿಯುವುದೂ ಮೆಟ್ಟಿಲಿನಲ್ಲೇ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಮಂಡಿಗೆ ಪರೀಕ್ಷೆ ಇಳಿಜಾರಿನಲ್ಲೇ. ಸಾವಿರ ಮೆಟ್ಟಿಲಿಗೆ ಅಮ್ಮನಿಗೆ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತಿತ್ತು. 800 ಮೀಟರ್ ಎಂದರೆ ಮೂರು ಚಾಮುಂಡಿ ಬೆಟ್ಟ, ವಿಶ್ರಾಂತಿ ಸೇರಿಸಿ ಐದು ಗಂಟೆ ಎಂದು ಬರೆದಿಟ್ಟೆ. ಗ್ರಾವಾಂಡ್ ಹ್ಯೂಟೆಯಲ್ಲಿ ಒಂದು ಚಹಾ, ಆಲ್ಪೆನ್‌ರೋಸೆನ್ ಹ್ಯೂಟೆಯಲ್ಲಿ ಉದ್ದನೆಯ ವಿರಾಮ. ಹೊರಟು ಐದು ಗಂಟೆ ತುಂಬುವ ಸ್ವಲ್ಪ ಮೊದಲೇ ತಲುಪಿದೆವು.

ಊಟದ ವಿಷಯ ಬಿಡಿಸಿ ಹೇಳಬೇಕು. ಸಸ್ಯಾಹಾರ ಇದೆ ಎಂದು ಹಟ್‌ನವರು ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಕಾಸ್‌ಪ್ರೆಸ್‌ಕ್ನೋಡೆಲ್ ಎಂಬ ಕರಿದ ಉಂಡೆ ಚೀಸಿನದೇ ಆದರೂ ಅದನ್ನು ಸಾಮಾನ್ಯವಾಗಿ ದನದ ಮಾಂಸದ ಸಾರಿನಲ್ಲಿ ಕೊಡುತ್ತಾರೆ. ಅದರಲ್ಲೂ, ಸ್ಪೆಟ್ಸ್‌ಲೆ (ಒಂದು ಬಗೆಯ ನೂಡಲ್), ಕೈಸರ್‌ಶ್ಮಾರ್ನ್ (ಚೂರು ಮಾಡಿದ ಸಿಹಿ ಪ್ಯಾನ್‌ಕೇಕ್) ಎರಡರಲ್ಲೂ ಮೊಟ್ಟೆ. ನಾನು ಎರಡು ದಿನ ಮೊದಲೇ ಫೋನ್ ಮಾಡಿ, ನಮ್ಮಿಬ್ಬರಿಗೆ ಮತ್ತು ಅಪ್ಪನಿಗೆ ಕ್ನೋಡೆಲನ್ನು ಸಾರಿಲ್ಲದೆ ಕೋಸಿನ ಸಲಾಡ್ ಜೊತೆ, ಅಮ್ಮನಿಗೆ ಆಲೂಗಡ್ಡೆ, ಚೀಸ್, ಬ್ರೆಡ್ ಎಂದು ಹೇಳಿದ್ದೆ. ಉಳಿದದ್ದು ನಮ್ಮದೇ. ಆಲ್ಪೈನ್ ಕ್ಲಬ್ಬಿನ ಸದಸ್ಯರು ಕ್ಲಬ್ಬಿನ ಹಟ್‌ಗಳಲ್ಲಿ ಸ್ವಂತ ತಿಂಡಿ ತಿನ್ನಬಹುದು, ಬಿಸಿನೀರನ್ನು ದುಡ್ಡು ಕೊಟ್ಟು ಪಡೆಯಬಹುದು. ಹೊರಡುವ ಮೊದಲು ಮನೆಯಲ್ಲಿ ಫ್ಲಾಸ್ಕಿನ ಪ್ರಯೋಗ ನಡೆಸಿದ್ದೆ. ಹುರಿದ ರವೆಯ ಉಪ್ಪಿಟ್ಟು ಗಂಟಾಯಿತು, ರಾಗಿ ಹುರಿಹಿಟ್ಟು ಚೆನ್ನಾಗಿತ್ತು ಆದರೆ ಫ್ಲಾಸ್ಕ್ ತೊಳೆಯುವುದೇ ದೊಡ್ಡ ಕೆಲಸ. ಗೆದ್ದದ್ದು ಮಧ್ಯಮ ಅವಲಕ್ಕಿ: ಒಗ್ಗರಣೆಯನ್ನು ಮೊದಲೇ ಬೆರೆಸಿ ಪೊಟ್ಟಣ ಕಟ್ಟಿ, ಅಳತೆಯ ಬಿಸಿನೀರು ಹಾಕಿ ಏಳೆಂಟು ನಿಮಿಷ ಮುಚ್ಚಿಟ್ಟರೆ ಉದುರುದುರು. ನೀರಿನ ಅಳತೆ ನಮ್ಮ ಅಮ್ಮನ ಗುಟ್ಟು.

ಹಟ್‌ನಲ್ಲಿ ಕಂಬಳಿಯೊಳಗೆ ಹಾಸಿಕೊಳ್ಳುವ ಚೀಲ ಕಡ್ಡಾಯ. ಅಂಗಡಿಯಲ್ಲಿ ರೇಷ್ಮೆಯದಕ್ಕೆ 60 ಯೂರೋ ಕೇಳಿದರು. ಅಮ್ಮ ಅಪ್ಪನ ಹಳೆಯ ಪಂಚೆಗಳನ್ನು ಹೊಲಿಗೆ ಯಂತ್ರದಲ್ಲಿ ಜೋಡಿಸಿ ನಾಲ್ಕು ಚೀಲ ಮಾಡಿಕೊಟ್ಟರು. ದಿಂಬು ತೂರಿಸಲು ತಲೆಯ ಕಡೆ ಒಂದು ಜೇಬು, ಕಾಲು ಹೊರಗಿಡಲು ಪಕ್ಕದಲ್ಲಿ ಒಂದು ಮೊಳ ಸೀಳು. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೂ 300 ಗ್ರಾಂ ಒಳಗೇ ತೂಗಿತು. ಪಕ್ಕದ ಕೋಣೆಯ ಜರ್ಮನ್ ದಂಪತಿ ಕೈಯಲ್ಲಿ ಹಿಡಿದು ನೋಡಿ ಮಾದರಿ ಬರೆದುಕೊಂಡರು.

ನಡುವಿನ ದಿನ ಅಮ್ಮ ಮರದ ಹಲಗೆ ಹೊದಿಸಿದ ದೊಡ್ಡ ಊಟದ ಸಭಾಂಗಣದಲ್ಲಿ ಕುಳಿತರು, ನಾವು ಮೂವರು 2472 ಮೀಟರ್‌ನ ಶ್ವಾರ್ಟ್ಸ್‌ಜೇ ಸರೋವರಕ್ಕೆ ಹೋಗಿಬಂದೆವು.

ಖರ್ಚು ನೆನಪಿನಿಂದ: ಹಟ್‌ನ ಎರಡು ರಾತ್ರಿ, ಊಟ ಸೇರಿ ನಾಲ್ವರಿಗೆ 500ರ ಮೇಲೆ ಸ್ವಲ್ಪ. ನಾವಿಬ್ಬರು ಸದಸ್ಯರಾದ್ದರಿಂದ ನಮಗೆ ದರ ಕಡಿಮೆ. ರೈಲು, ಬಸ್ಸಿಗೆ 150ರ ಸುಮಾರು. ಅಪ್ಪ ಅಮ್ಮನ ಪ್ರವಾಸ ವಿಮೆಯಲ್ಲಿ ಪರ್ವತದಿಂದ ಹೆಲಿಕಾಪ್ಟರ್ ರಕ್ಷಣೆ ಇರಲಿಲ್ಲ, ಅದಕ್ಕೆ ಬೇರೆ ವಿಮೆ ಮಾಡಿಸಿದೆ. ಇದರಲ್ಲಿ ಮಾತ್ರ ಜಿಪುಣತನ ಬೇಡ, ಒಂದು ಹಾರಾಟದ ಬಿಲ್ಲೇ ಸಾವಿರಾರು ಯೂರೋ. ನೋಟುಗಳನ್ನೂ ಒಯ್ಯಿರಿ, ಎಲ್ಲ ಹಟ್‌ಗಳಲ್ಲೂ ಕಾರ್ಡ್ ನಡೆಯುವುದಿಲ್ಲ.

ಮುಂದಿನ ಸೆಪ್ಟೆಂಬರ್‌ಗೆ ಶ್ಲೆಗೈಸ್ ಜಲಾಶಯದ ಮೇಲಿನ ಓಲ್ಪೆರರ್ ಹ್ಯೂಟೆಯನ್ನು ಗೊತ್ತುಮಾಡಿದ್ದೇನೆ. ಏರು 600 ಮೀಟರ್, ಆದರೆ ದಾರಿ ಕಡಿದಾದದ್ದು. ಅಪ್ಪ ಈಗಾಗಲೇ ಬೆನ್ನಿಗೆ ನಾಲ್ಕು ಕೆಜಿ ಚೀಲ ಹಾಕಿಕೊಂಡು ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದಾರೆ.