ಬಿಗಿ ಸ್ಪ್ರಿಂಗ್ ಹಾಕಿ ಪಾಠ ಕಲಿತೆ

ದಸರಾ ಮುಗಿದ ವಾರ ಒಬ್ಬ ಹುಡುಗ ಗೇರ್‌ಲೆಸ್ ಸ್ಕೂಟರ್ ತಂದು ಅಂಗಡಿ ಮುಂದೆ ನಿಲ್ಲಿಸಿದ. ಎಲ್ಲೋ ದೊಡ್ಡ ಸಿಲಿಂಡರ್ ಹಾಕಿಸಿಕೊಂಡಿದ್ದ. ರಿಂಗ್ ರೋಡಿನಲ್ಲಿ ಗಾಡಿ ಹಾರುತ್ತಿತ್ತಂತೆ. ಇಬ್ಬರು ಕೂತು ಚಾಮುಂಡಿ ಬೆಟ್ಟ ಹತ್ತಿದರೆ ಮಾತ್ರ ಕಥೆ ಬೇರೆ. "ಅಣ್ಣಾ, ಬರೀ ಕೂಗುತ್ತೆ, ಮುಂದಕ್ಕೆ ಹೋಗಲ್ಲ" ಅಂದ.

ಕವರ್ ಬಿಚ್ಚಿದ ಕೂಡಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕ್ಲಚ್ ಬೆಲ್, ಅಂದರೆ ಹಿಂದಿನ ಚಕ್ರದ ಕಡೆಗೆ ಶಕ್ತಿ ದಾಟಿಸುವ ಉಕ್ಕಿನ ಬಟ್ಟಲು, ಅದರ ಮೇಲೆ ನೀಲಿ ಪಟ್ಟೆ. ಉಕ್ಕು ಹಾಗೆ ನೀಲಿಗೆ ತಿರುಗಬೇಕಾದರೆ ಸುಮಾರು 300 ಡಿಗ್ರಿ ಕಾದಿರಬೇಕು. ಬೆಲ್ ಒಳಗೆ ಸುತ್ತುತ್ತಾ ಹೊರಕ್ಕೆ ಚಾಚಿ ಅದನ್ನು ಕಚ್ಚುವ ಮೂರೂ ಶೂಗಳ ಲೈನರ್ (ಮೇಲಿನ ಉಜ್ಜುವ ಪಟ್ಟಿ) ಗಾಜಿನ ಹಾಗೆ ಮಿಂಚುತ್ತಿತ್ತು. ಎಂಜಿನ್ ಟಾರ್ಕ್ (ತಿರುಗಿಸುವ ಬಲ) ಜಾಸ್ತಿಯಾಗಿದೆ, ಕ್ಲಚ್ ಹಿಡಿತ ಸಾಲದೆ ಜಾರುತ್ತಿದೆ. ಅಷ್ಟು ಗೊತ್ತಾಯಿತು.

ಎಡವಿದ್ದು ಆಮೇಲೆ. ನಾನು ಜಾವಾ, ಯೆಜ್ದಿ ಬಿಚ್ಚಿ ಕೆಲಸ ಕಲಿತವನು. 1961ರಿಂದ 1996ರವರೆಗೆ ಆ ಗಾಡಿಗಳು ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದವು, ಹಾಗಾಗಿ ಇಲ್ಲಿನ ಹಳೇ ಮೆಕ್ಯಾನಿಕ್‌ಗಳಿಗೆಲ್ಲ ಅದೇ ಮೊದಲ ಪಾಠ. ಆ ಪ್ಲೇಟ್ ಕ್ಲಚ್‌ನಲ್ಲಿ ಸ್ಪ್ರಿಂಗ್ ಬಿಗಿಯಾದಷ್ಟೂ ಹಿಡಿತ ಜಾಸ್ತಿ. ಅದೇ ಲೆಕ್ಕದಲ್ಲಿ ಇದಕ್ಕೂ ಬಿಗಿ ಸ್ಪ್ರಿಂಗ್ ಹಾಕಿ, ಲೈನರ್‌ಗೆ ಎಮರಿ ಪೇಪರ್ ಉಜ್ಜಿ ಕಳಿಸಿದೆ. ಸಿಗ್ನಲ್‌ನಲ್ಲಿ ಗಾಡಿ ಎಗರಿಕೊಂಡು ಹೊರಡುತ್ತಿತ್ತು. ಹುಡುಗ ಖುಷ್. ಭಾನುವಾರ ಬೆಟ್ಟಕ್ಕೆ ಹೋದವನು ಅರ್ಧ ದಾರಿಯಿಂದಲೇ ವಾಪಸ್ ಬಂದ. ಮೊದಲಿಗಿಂತ ಜಾಸ್ತಿ ಜಾರಿತ್ತು.

ಆಗ ಕೂತು ಯೋಚಿಸಿದೆ. ಪ್ಲೇಟ್ ಕ್ಲಚ್‌ನ ಸ್ಪ್ರಿಂಗ್ ಪ್ಲೇಟುಗಳನ್ನು ಒತ್ತುತ್ತದೆ. ಇಲ್ಲಿ ಅದು ಶೂಗಳನ್ನು ಒಳಕ್ಕೆ ಎಳೆಯುತ್ತದೆ! ಒತ್ತುವುದು ಶೂ ತೂಕ ಮತ್ತು ಸುತ್ತುವ ವೇಗ. ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ ಬೀಸಿದವರಿಗೆ ಇದು ಗೊತ್ತು. ಕಲ್ಲು ದಪ್ಪ ಇದ್ದರೆ ಕೈ ಜಾಸ್ತಿ ಎಳೆಯುತ್ತೆ, ಬೀಸು ಜೋರಾದರೆ ಇನ್ನೂ ಜಾಸ್ತಿ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

ಕ್ಲಚ್ ನಿಮಿಷಕ್ಕೆ 2000 ಸುತ್ತು ಸುತ್ತಿದಾಗ ಶೂ ಬೆಲ್ ಮುಟ್ಟುತ್ತೆ ಅಂದುಕೊಳ್ಳಿ. ಆಗ ಹೊರಗೆ ಎಳೆಯುವ ಬಲ, ಸ್ಪ್ರಿಂಗ್ ಬಲ ಎರಡೂ ಸಮ. ಅದನ್ನು 1 ಅನ್ನೋಣ. 4000ಕ್ಕೆ ಹೊರಗಿನ ಎಳೆತ 4 ಆಗುತ್ತೆ. ಅದರಲ್ಲಿ ಸ್ಪ್ರಿಂಗ್ 1 ತಿಂದರೆ ಬೆಲ್ ಮೇಲೆ ಒತ್ತೋಕೆ 3 ಉಳಿಯಿತು. ಒಂದೂವರೆ ಪಟ್ಟು ಬಿಗಿ ಸ್ಪ್ರಿಂಗ್ ಹಾಕಿದರೆ ಉಳಿಯೋದು ಎರಡೂವರೆ ಮಾತ್ರ. ಮೇಲಾಗಿ ಶೂ ಬೆಲ್ ಮುಟ್ಟೋದೇ ಸುಮಾರು 2450ಕ್ಕೆ. ನಾನು ಹಿಡಿತ ಹೆಚ್ಚಿಸಿರಲಿಲ್ಲ, ಕದ್ದಿದ್ದೆ.

ಹಾಗಾದರೆ ರೇಸಿನವರು ಯಾಕೆ ಬಿಗಿ ಸ್ಪ್ರಿಂಗ್ ಹಾಕುತ್ತಾರೆ? ಎಂಜಿನ್ ಪೂರ್ತಿ ಟಾರ್ಕ್ ಕೊಡುವ ವೇಗಕ್ಕೆ ಬರೋವರೆಗೆ ಕ್ಲಚ್ ಕಚ್ಚದಿರಲಿ ಅಂತ. ಒಮ್ಮೆ ಕಚ್ಚಿದ ಮೇಲೆ ಟ್ರ್ಯಾಕಿನಲ್ಲಿ ವೇಗ ಅಷ್ಟಾಗಿ ಇಳಿಯೋದೇ ಇಲ್ಲ. ಬೆಟ್ಟದ ದಾರಿ ಹಾಗಲ್ಲ. ತಿರುವಿಗೊಮ್ಮೆ ವೇಗ ಇಳಿಯುತ್ತೆ, ಶೂ ಮತ್ತೆ ಮತ್ತೆ ಜಾರುತ್ತಾ ಕಚ್ಚಬೇಕು. ಅಲ್ಲೇ ಬಿಸಿ ಹುಟ್ಟೋದು.

ಈ ಸಲ ಹೊಸ ಬೆಲ್, ಸುಮಾರು 20 ಪರ್ಸೆಂಟ್ ಭಾರದ ಶೂಗಳು, ಅದಕ್ಕೆ ತಕ್ಕಷ್ಟೇ ಬಿಗಿ ಸ್ಪ್ರಿಂಗ್ ಹಾಕಿದೆ. ಎರಡೂ ಒಟ್ಟಿಗೆ ಹೆಚ್ಚಿದ್ದರಿಂದ ಕಚ್ಚುವ ವೇಗ ಮೊದಲಿನದ್ದೇ. ಆ ಲೆಕ್ಕದ 3 ಮಾತ್ರ 3.6 ಆಯಿತು. ಮೂರು ಶೂಗಳನ್ನೂ ಪಕ್ಕದ ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿಸಿದೆ. ಒಂದು ಸ್ವಲ್ಪ ಭಾರ ಇತ್ತು, ಅರದಲ್ಲಿ ಉಜ್ಜಿ ಸಮ ಮಾಡಿದೆ. ಅಂಗಡಿಯವರು "ಇದಕ್ಕೂ ಮೇಕಿಂಗ್ ಚಾರ್ಜ್ ಹಾಕ್ಲಾ?" ಅಂತ ನಕ್ಕರು.

ಹೊಸ ಲೈನರ್ ಬೆಲ್‌ಗೆ ಕೂರಬೇಕು, ಒಂದು ವಾರ ಊರೊಳಗೇ ಓಡಿಸು ಅಂತ ಹುಡುಗನಿಗೆ ಹೇಳಿದೆ. ಮಾರನೇ ದಿನವೇ ಗೆಳೆಯನನ್ನು ಕೂರಿಸಿಕೊಂಡು ನಂದಿ ನೋಡಿ ಬಂದಿದ್ದಾನೆ! ಬೈದು, ಕವರ್ ಬಿಚ್ಚಿ ನೋಡಿದೆ. ಬೆಲ್ ಎಲ್ಲೂ ನೀಲಿಯಾಗಿರಲಿಲ್ಲ. ಲೈನರ್ ಮಾತ್ರ ನಡುವೆ ಹೆಬ್ಬೆಟ್ಟಿನಗಲ ಅಷ್ಟೇ ಕೂತಿತ್ತು.