ಕೆಂಪು ಗೆರೆ ನೋಡಿ ಹೆದರುವ ಮೊದಲು ಡಿಗ್ರಿ ಎಣಿಸಿ

ಪಾಶ್ಚಾತ್ಯ ಪದ್ಧತಿಯ ಜಾತಕವನ್ನು ಪ್ರಿಂಟ್ ಹಾಕಿಸಿಕೊಂಡು ಬರುವವರು ಮೊದಲು ಬೆರಳಿಡುವುದೇ ಚಕ್ರದ ನಡುವಿನ ಕೆಂಪು ಗೆರೆಗಳ ಮೇಲೆ, ಅಂದರೆ ಗ್ರಹಗಳ ನಡುವಿನ ಕಷ್ಟದ ಕೋನಗಳನ್ನು ತೋರಿಸುವ ಗೆರೆಗಳ ಮೇಲೆ. ಇತ್ತೀಚೆಗೆ ಒಬ್ಬ ಹುಡುಗಿ ತಂದ ಹಾಳೆಯಲ್ಲಿ ನಾಲ್ಕು ಗ್ರಹಗಳ ನಡುವೆ ಒಂದು ಚೌಕ ಎದ್ದು ಕಾಣುತ್ತಿತ್ತು. ಕೆಳಗೆ ‘ಗ್ರ್ಯಾಂಡ್ ಕ್ರಾಸ್’ ಎಂದು ಅಚ್ಚಾಗಿತ್ತು. ಆ ಪದದಡಿ ಅವಳು ಪೆನ್ನಿನಲ್ಲಿ ಮೂರು ಸಲ ಗೆರೆ ಎಳೆದಿದ್ದಳು, ಕಾಗದ ಹರಿಯುವಷ್ಟು ಒತ್ತಿ. ಕೂತು ಡಿಗ್ರಿ ಎಣಿಸಿದೆವು. ಚೌಕದ ನಾಲ್ಕನೇ ಮೂಲೆ ಕೂಡಿಯೇ ಇರಲಿಲ್ಲ.

ಇಂಥದ್ದನ್ನು ತುಂಬಾ ಸಲ ನೋಡಿದ್ದೇನೆ. ಗ್ರಹಗಳು ಕೂಡಿ ಮಾಡುವ ಇಂಥ ಆಕೃತಿಗಳಿಗೆ ಹೇಳುವ ಫಲ ನಂಬಿಕೆಗೆ ಬಿಟ್ಟಿದ್ದು. ಆದರೆ ಆಕೃತಿ ಇದೆಯೋ ಇಲ್ಲವೋ ಅನ್ನುವುದು ಬರೀ ಕೂಡಿ ಕಳೆಯುವ ಲೆಕ್ಕ. ಅದನ್ನು ಯಾರು ಬೇಕಾದರೂ ಪೆನ್ಸಿಲ್ ಹಿಡಿದು ಮಾಡಬಹುದು.

ಮೊದಲು ಪಟ್ಟಿ

ಸೂರ್ಯನಿಂದ ಪ್ಲೂಟೊವರೆಗೆ ಹತ್ತು ಗ್ರಹಗಳು ಯಾವ ರಾಶಿಯಲ್ಲಿ ಎಷ್ಟು ಡಿಗ್ರಿಯಲ್ಲಿವೆ ಅಂತ ಬರೆದುಕೊಳ್ಳಿ. ಎಲ್ಲವನ್ನೂ ಒಂದೇ ಕಡೆಯಿಂದ ತೆಗೆದುಕೊಳ್ಳಿ. ಶನಿಯವರೆಗಿನ ಏಳನ್ನು ಪಂಚಾಂಗದಿಂದ, ಉಳಿದ ಮೂರನ್ನು ಪಾಶ್ಚಾತ್ಯ ವೆಬ್‌ಸೈಟಿನಿಂದ ತೆಗೆದು ಜೋಡಿಸಿದವರನ್ನು ಕಂಡಿದ್ದೇನೆ. ಪಂಚಾಂಗದ್ದು ನಿರಯನ, ಅಂದರೆ ನಕ್ಷತ್ರಗಳಿಂದ ಅಳೆದದ್ದು; ಆ ಕಡೆಯದು ಸಾಯನ, ಅಂದರೆ ವಸಂತ ವಿಷುವದ ಬಿಂದುವಿನಿಂದ ಅಳೆದದ್ದು. ಎರಡಕ್ಕೂ ಈಗ ಸುಮಾರು 24 ಡಿಗ್ರಿ ಅಂತರ. ಬೆರೆಸಿದರೆ ಇಡೀ ಲೆಕ್ಕ ಹಾಳು. ಹತ್ತೂ ಒಂದೇ ಪದ್ಧತಿಯವಾದರೆ ಎರಡು ಗ್ರಹಗಳ ನಡುವಿನ ಅಂತರ ಬದಲಾಗುವುದಿಲ್ಲ, ಯಾಕೆಂದರೆ ಎರಡೂ ಒಂದೇ ಅಳತೆ ಜರುಗಿರುತ್ತವೆ. ರಾಶಿಯ ಹೆಸರು ಮಾತ್ರ ಬದಲಾಗಬಹುದು. ಇಲ್ಲಿನ ಆಕೃತಿಗಳಿಗೆ ಸಾಯನವೇ ಬಳಸಿ.

ನಂತರ ಎಲ್ಲವನ್ನೂ 360ರ ಲೆಕ್ಕಕ್ಕೆ ತನ್ನಿ. ಮೇಷಕ್ಕೆ 0, ವೃಷಭಕ್ಕೆ 30, ಮಿಥುನಕ್ಕೆ 60, ಹೀಗೆ ಮೀನಕ್ಕೆ 330 ಕೂಡಿಸಿದರೆ ಆಯಿತು.

ಎಡವುವ ಜಾಗ

ಈಗ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು ಎರಡೆರಡು ಗ್ರಹಗಳ ನಡುವಿನ ಅಂತರ ತೆಗೆಯಬೇಕು. ಉತ್ತರ 180 ದಾಟಿದರೆ ಅದನ್ನು 360ರಿಂದ ಕಳೆಯಿರಿ. ಹತ್ತು ಗ್ರಹಗಳಿಗೆ 45 ಜೋಡಿ ಆಗುತ್ತವೆ. ಬೇಜಾರಿನ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ. ಆದರೂ ಒಂದು ಸಲವಾದರೂ ಕೈಯಲ್ಲೇ ಮಾಡಿ. ನಮಗೆ ಬೇಕಾದ ಕಷ್ಟದ ಕೋನಗಳು ಮೂರು: 90 ಅಂದರೆ ಸ್ಕ್ವೇರ್, 180 ಅಂದರೆ ಆಪೋಸಿಷನ್, 150 ಅಂದರೆ ಕ್ವಿಂಕಂಕ್ಸ್.

ಅಂತರ ಸರಿಯಾಗಿ 90 ಅಥವಾ 180 ಬರುವುದು ಅಪರೂಪ. ಎಷ್ಟು ಆಚೀಚೆ ಆದರೂ ಒಪ್ಪಬಹುದು ಅನ್ನುವ ಮಿತಿಗೆ ‘ಆರ್ಬ್’ ಅನ್ನುತ್ತಾರೆ. ಜನ ಎಡವುವುದು ಇಲ್ಲೇ. ಒಬ್ಬೊಬ್ಬರು ಒಂದೊಂದು ಮಿತಿ ಹೇಳುತ್ತಾರೆ. ನನ್ನದು ಬಿಗಿ: ಸೂರ್ಯ ಅಥವಾ ಚಂದ್ರ ಇದ್ದರೆ 8, ಉಳಿದವಕ್ಕೆ 6, ಕ್ವಿಂಕಂಕ್ಸ್‌ಗೆ 2. ಇದಕ್ಕಿಂತ ಸಡಿಲ ಬಿಟ್ಟರೆ ಎಲ್ಲರ ಜಾತಕದಲ್ಲೂ ಎಲ್ಲವೂ ಸಿಗುತ್ತದೆ. ಆಗ ಹುಡುಕಿ ಏನು ಪ್ರಯೋಜನ?

ಆ ಹುಡುಗಿಯ ಹಾಳೆಗೆ ಬರೋಣ. ಗುರುತು ಸಿಗಬಾರದು ಅಂತ ಡಿಗ್ರಿಗಳನ್ನು ಬದಲಿಸಿದ್ದೇನೆ, ಲೆಕ್ಕದ ದಾರಿ ಅದೇ. ಚಂದ್ರ ಮೇಷ 12, ಅಂದರೆ 12. ಕುಜ ಕರ್ಕಾಟಕ 10, ಅಂದರೆ 100. ಶನಿ ತುಲಾ 15, ಅಂದರೆ 195. ಗುರು ಮಕರ 22, ಅಂದರೆ 292.

ಚಂದ್ರ–ಶನಿ ಅಂತರ 183, ತಿರುಗಿಸಿದರೆ 177. ಆಪೋಸಿಷನ್‌ಗೆ 3 ಡಿಗ್ರಿ ಕಡಿಮೆ, ಒಪ್ಪಬಹುದು. ಚಂದ್ರ–ಕುಜ 88, ಸ್ಕ್ವೇರ್. ಕುಜ–ಶನಿ 95, ಅದೂ ಸ್ಕ್ವೇರ್. ಈಗ ಗುರು. ಚಂದ್ರನಿಂದ 80, ಹತ್ತು ಡಿಗ್ರಿ ಕೊರತೆ. ಶನಿಯಿಂದ 97, ಏಳು ಹೆಚ್ಚು. ಕುಜನಿಂದ 168, ಹನ್ನೆರಡು ಕೊರತೆ. ಮೂರಕ್ಕೆ ಮೂರೂ ಗಡಿ ದಾಟಿವೆ. ಆ ಆ್ಯಪ್ 12 ಡಿಗ್ರಿ ತನಕ ಬಿಟ್ಟಿತ್ತು, ಅದಕ್ಕೇ ಚೌಕ ಮೂಡಿತ್ತು. ಯಾವ ಆ್ಯಪ್ ಬಳಸಿದರೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಆರ್ಬ್ ಎಷ್ಟಿದೆ ನೋಡಿ. ಆ ಅಂಕಿಯನ್ನು ತೋರಿಸದ ಅಥವಾ ಬದಲಿಸಲು ಬಿಡದ ಆ್ಯಪ್ ಆದರೆ ಸುಮ್ನೆ ಡಿಲೀಟ್ ಮಾಡಿ.

ಒಂದು ಅಡ್ಡದಾರಿ ಇದೆ. ರಾಶಿ ಬಿಟ್ಟು ಡಿಗ್ರಿಗಳನ್ನಷ್ಟೇ ಏರಿಕೆ ಕ್ರಮದಲ್ಲಿ ಬರೆಯಿರಿ: 10, 12, 15, 22. ಹತ್ತಿರದ ಅಂಕಿಗಳ ನಡುವೆಯೇ ಕೋನ ಇರುವ ಸಾಧ್ಯತೆ ಜಾಸ್ತಿ. ಗುರು ಹೊರಗುಳಿದದ್ದು ಇಲ್ಲೇ ಕಾಣುತ್ತದೆ. ಆದರೆ ರಾಶಿಯ ಅಂಚಿನಲ್ಲಿ ಈ ದಾರಿ ಕೈಕೊಡುತ್ತದೆ. ಶುಕ್ರ ವೃಷಭ 28, ಶನಿ ಕನ್ಯಾ 1 ಅಂದುಕೊಳ್ಳಿ. 58 ಮತ್ತು 151, ಅಂತರ 93. ಇದು ಸ್ಕ್ವೇರ್. ವೃಷಭದಿಂದ ಕನ್ಯಾಗೆ ರಾಶಿ ಎಣಿಸಿದರೆ ಐದು ಬರುತ್ತದೆ, ಹಾಗಾಗಿ ಎಷ್ಟೋ ಜನ ಇದನ್ನು ತ್ರಿಕೋನ (120 ಡಿಗ್ರಿಯ ಕೋನ) ಅಂತ ಬಿಟ್ಟುಬಿಡುತ್ತಾರೆ. ತಿರುಗಾ ಮುರುಗಾ ಕೂಡ ಆಗುತ್ತದೆ. ವೃಷಭ 2, ಸಿಂಹ 27 ಇದ್ದರೆ ರಾಶಿ ಲೆಕ್ಕದಲ್ಲಿ ನಾಲ್ಕು, ಡಿಗ್ರಿಯಲ್ಲಿ 115. ಅದು ಸ್ಕ್ವೇರ್ ಅಲ್ಲವೇ ಅಲ್ಲ.

ನಮ್ಮ ಪದ್ಧತಿಯ ದೃಷ್ಟಿ ಬಲ್ಲವರಿಗೆ ಒಂದು ಮಾತು. ಕುಜನ 4, 8, ಗುರುವಿನ 5, 9, ಶನಿಯ 3, 10ರ ವಿಶೇಷ ದೃಷ್ಟಿಯನ್ನು ಇಲ್ಲಿಗೆ ತರಬೇಡಿ. ಅಲ್ಲಿ ಒಂದು ಗ್ರಹ ಇನ್ನೊಂದನ್ನು ನೋಡಿದರೆ ಅದು ಮರಳಿ ನೋಡಲೇಬೇಕೆಂದಿಲ್ಲ. ಇಲ್ಲಿ ಕೋನ ಇಬ್ಬರಿಗೂ ಸಮ. ಎರಡೂ ಸ್ವತಂತ್ರ ಪದ್ಧತಿಗಳು, ಕಲಸಿದರೆ ಎರಡೂ ಕೆಡುತ್ತವೆ.

ಆಕೃತಿ ಗುರುತಿಸುವುದು

ಜೋಡಿಗಳು ಸರಿಯಾದರೆ ಮುಂದಿನದು ಸುಲಭ. ಎದುರುಬದುರು ಇರುವ ಎರಡು ಗ್ರಹಗಳಿಗೆ ಮೂರನೆಯದು ಸ್ಕ್ವೇರ್ ಆದರೆ ಟಿ-ಸ್ಕ್ವೇರ್. ಹುಡುಗಿಯ ಜಾತಕದಲ್ಲಿ ಇದ್ದದ್ದು ಇದು. ತುದಿಯ ಗ್ರಹ ಕುಜ, ಒತ್ತಡವೆಲ್ಲ ಅದರ ಮೇಲೆ ಅಂತ ಓದುತ್ತಾರೆ. ಕುಜನಿಗೆ ಸರಿ ಎದುರಿನ ಮಕರ 10 ಖಾಲಿ ಜಾಗ. ಗುರು ಅದೇ ರಾಶಿಯಲ್ಲಿದ್ದರೂ 12 ಡಿಗ್ರಿ ಆಚೆ ಇದ್ದಾನೆ. ಎರಡು ಆಪೋಸಿಷನ್, ನಾಲ್ಕು ಸ್ಕ್ವೇರ್, ಹೀಗೆ ಆರೂ ಕೂಡಿದರೆ ಮಾತ್ರ ಗ್ರ್ಯಾಂಡ್ ಕ್ರಾಸ್. ಐದು ಇದ್ದರೂ ನಾನು ಒಪ್ಪುವುದಿಲ್ಲ. ಗ್ರಹಗಳು ಚರ, ಸ್ಥಿರ, ದ್ವಿಸ್ವಭಾವ ಎಂಬ ಮೂರು ರಾಶಿ ಗುಂಪುಗಳಲ್ಲಿ ಯಾವುದರಲ್ಲಿವೆ ಅಂತ ಪಕ್ಕದಲ್ಲಿ ಬರೆಯಿರಿ. ಇವಳದ್ದು ಮೂರೂ ಚರ.

ಯೋಡ್ ಅನ್ನುವ ಇನ್ನೊಂದು ಆಕೃತಿಯಲ್ಲಿ 60 ಡಿಗ್ರಿ ಅಂತರದ ಎರಡು ಗ್ರಹಗಳಿಂದ ಮೂರನೆಯದು 150ರಲ್ಲಿ ಇರುತ್ತದೆ. ಸೂರ್ಯ ಮಿಥುನ 5, ಗುರು ಸಿಂಹ 6, ನೆಪ್ಚೂನ್ ಮಕರ 6 ಇದ್ದರೆ 61, 149, 150. ಇಷ್ಟು ಬಿಗಿ ಇದ್ದರೆ ಮಾತ್ರ ಯೋಡ್ ಅನ್ನಿ.

ಜರಡಿ ಹಿಡಿಯಿರಿ

ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳಬೇಡಿ. ರಾಹು–ಕೇತು ಯಾವಾಗಲೂ 180ರಲ್ಲೇ ಇರುತ್ತವೆ. ಯಾವ ಗ್ರಹ ಅವಕ್ಕೆ 90ರಲ್ಲಿ ಬಂದರೂ ಟಿ-ಸ್ಕ್ವೇರ್ ಆದಂತೆ ಕಾಣುತ್ತದೆ. ಅದನ್ನು ಎಣಿಸಬೇಡಿ. ಲಗ್ನವನ್ನು ಸೇರಿಸುವುದಾದರೆ ಹುಟ್ಟಿದ ಸಮಯ ಖಚಿತ ಇರಬೇಕು. ಸರಾಸರಿ 4 ನಿಮಿಷಕ್ಕೆ ಅದು 1 ಡಿಗ್ರಿ ಜರುಗುತ್ತದೆ. ‘ಬೆಳಿಗ್ಗೆ ಹೊತ್ತು’ ಅಂತಷ್ಟೇ ನೆನಪಿದ್ದರೆ ಲಗ್ನ ಬಿಡಿ. ಚಂದ್ರನೂ ದಿನಕ್ಕೆ ಸುಮಾರು 13 ಡಿಗ್ರಿ ನಡೆಯುತ್ತಾನೆ, ನೆನಪಿರಲಿ.

ಯುರೇನಸ್, ನೆಪ್ಚೂನ್, ಪ್ಲೂಟೊ ತುಂಬಾ ನಿಧಾನ. 2012ರಿಂದ 2015ರ ನಡುವೆ ಯುರೇನಸ್ ಮತ್ತು ಪ್ಲೂಟೊ ಏಳು ಸಲ ಸರಿಯಾಗಿ ಸ್ಕ್ವೇರ್ ಆದವು. ಆ ವರ್ಷಗಳ ಮಕ್ಕಳ ಜಾತಕದಲ್ಲೆಲ್ಲ ಆ ಕೆಂಪು ಗೆರೆ ಇರುತ್ತದೆ. ಅದನ್ನೇ ತೋರಿಸಿ ‘ನಿಮ್ಮ ಮಗುವಿಗೆ ದೋಷ’ ಅಂತ ಹೆದರಿಸುವವರಿದ್ದಾರೆ. ಇಡೀ ತಲೆಮಾರಿಗೆ ಇರುವುದನ್ನು ಒಂದು ಮಗುವಿನ ತಲೆಗೆ ಕಟ್ಟುವುದು ತಪ್ಪು. ಸೂರ್ಯ, ಚಂದ್ರ, ಬುಧ, ಶುಕ್ರ, ಕುಜರಲ್ಲಿ ಒಂದಾದರೂ ಆಕೃತಿಯಲ್ಲಿ ಇಲ್ಲದಿದ್ದರೆ ಪಟ್ಟಿಯಿಂದ ತೆಗೆಯಿರಿ.

ಲೆಕ್ಕ ತಪ್ಪಿದೆಯೋ ಅಂತ ತಿಳಿಯಲು ಒಂದು ಪರೀಕ್ಷೆ. ಬುಧ ಸೂರ್ಯನಿಂದ 28 ಡಿಗ್ರಿಗಿಂತ, ಶುಕ್ರ 48 ಡಿಗ್ರಿಗಿಂತ ಜಾಸ್ತಿ ದೂರ ಹೋಗುವುದಿಲ್ಲ. ಸೂರ್ಯ–ಬುಧ ಸ್ಕ್ವೇರ್ ಸಿಕ್ಕಿತು ಅಂದರೆ ಎಲ್ಲೋ ಕೂಡಿಸುವಾಗ ತಪ್ಪಾಗಿದೆ, ಮತ್ತೆ ಶುರು ಮಾಡಿ.

ಕೊನೆಗೆ ಉಳಿದದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಡಿಗ್ರಿ ಸಮೇತ. ಆ ಹುಡುಗಿಯ ಹಾಳೆಯ ಹಿಂಬದಿಯಲ್ಲಿ ನಾವು ಬರೆದದ್ದು ಇಷ್ಟು: ‘ಟಿ-ಸ್ಕ್ವೇರ್. ಚಂದ್ರ–ಶನಿ 177, ಚಂದ್ರ–ಕುಜ 88, ಕುಜ–ಶನಿ 95. ತುದಿ ಕುಜ. ಚರ. ಗುರು ಸೇರಿಲ್ಲ.’ ಕೊನೆಯ ಎರಡು ಪದಗಳನ್ನು ಅವಳೇ ಬರೆದಳು.