ಕುರಿಯ ಮಂಡಿಯೊಳಗೆ ರೇಷ್ಮೆಯ ಚಪ್ಪರ

ಕುರಿಯ ಹಿಂಗಾಲಲ್ಲಿ ಮಂಡಿ ಎಲ್ಲಿದೆ ಅಂತ ಕೇಳಿದರೆ ಜಾಸ್ತಿ ಜನ ಹಿಂದಕ್ಕೆ ಬಾಗಿದ ಗಂಟನ್ನು ತೋರಿಸುತ್ತಾರೆ. ಅದು ನಮ್ಮ ಹಿಮ್ಮಡಿಗೆ ಸಮ. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ನಾನು ಪಶುವೈದ್ಯೆ. ಮೈಸೂರಿನಲ್ಲಿ ಒಂದು ತಂಡದ ಜೊತೆ ಸೇರಿ, ರೇಷ್ಮೆಯಿಂದ ಮಾಡಿದ ಸ್ಕ್ಯಾಫೋಲ್ಡನ್ನು ಆ ಮಂಡಿಯೊಳಗೆ ಇಟ್ಟು ಪರೀಕ್ಷಿಸಿದ್ದೇನೆ. ಕೈಯಾರೆ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೀಲಿನೊಳಗೆ ಮೂಳೆಯ ತುದಿಗೆ ನುಣುಪಾದ ಬಿಳಿ ಪದರ ಇರುತ್ತದಲ್ವಾ, ಅದೇ ಕಾರ್ಟಿಲೇಜ್. ಅದರಲ್ಲಿ ರಕ್ತನಾಳ ಇಲ್ಲ, ನರವೂ ಇಲ್ಲ. ಹಾಗಾಗಿ ಒಮ್ಮೆ ಕಿತ್ತುಹೋದರೆ ಚರ್ಮದ ಗಾಯದಂತೆ ಮಾಯುವುದಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಈ ಮಾತು ಬರೆದಿದ್ದರು. ಕಿತ್ತುಹೋದ ಜಾಗದಲ್ಲಿ ಸ್ಕ್ಯಾಫೋಲ್ಡ್ ಇಡುವುದು ಅದಕ್ಕೇ. ಅದು ಹೀರೆಬಳ್ಳಿಗೆ ಹಾಕುವ ಚಪ್ಪರ ಇದ್ದ ಹಾಗೆ. ಜೀವಕೋಶಗಳು ಅದನ್ನು ಹಿಡಿದು ಬೆಳೆಯಬೇಕು, ಆಮೇಲೆ ಚಪ್ಪರ ನಿಧಾನವಾಗಿ ಕರಗಿಹೋಗಬೇಕು.

ನಮ್ಮ ಕಡೆ ರೇಷ್ಮೆಗೂಡಿಗೆ ಬರವಿಲ್ಲ. ಗೂಡು ಕತ್ತರಿಸಿ ಹುಳ ತೆಗೆದು, ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸಿದರೆ ಎಳೆಯ ಮೇಲಿನ ಅಂಟು ಬಿಡುತ್ತದೆ. ಆ ಅಂಟು ಉಳಿದರೆ ಮೈ ಅದನ್ನು ಒಪ್ಪದೆ ಊದಿಕೊಳ್ಳಬಹುದು. ಉಳಿದ ಎಳೆಯನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಆ ಉಪ್ಪು ಹೋಗುವ ತನಕ ಡಯಾಲಿಸಿಸ್ ಮಾಡಿ, ಅಂದರೆ ಸೂಕ್ಷ್ಮ ರಂಧ್ರದ ಪೊರೆಯ ಚೀಲದಲ್ಲಿ ನೀರಿಗಿಟ್ಟು, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜು ಸಿಗುತ್ತದೆ. ಅದನ್ನು ಮೆಥನಾಲ್‌ನಲ್ಲಿ ನೆನೆಸುತ್ತೇವೆ. ಇಲ್ಲದಿದ್ದರೆ ನೀರು ಕಂಡ ಕೂಡಲೇ ಮತ್ತೆ ಕರಗುತ್ತದೆ. ಕೊನೆಗೆ 6 ಮಿ.ಮೀ. ಅಗಲದ ಬಿರಡೆಗಳಾಗಿ ಕತ್ತರಿಸುತ್ತೇವೆ. ಮಂಡಿಯಲ್ಲಿ ಅಷ್ಟೇ ಅಗಲದ ತೂತು ಕೊರೆದು ಬಿರಡೆ ಕೂರಿಸುವುದೇ ಪರೀಕ್ಷೆ.

ಮೊಲದಲ್ಲೇ ನೋಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಮೊಲದ ಕಾರ್ಟಿಲೇಜ್ ತೀರಾ ತೆಳು. ಅಲ್ಲಿ ಮಾಡಿದ ಸಣ್ಣ ತೂತು ಎಷ್ಟೋ ಸಲ ತಾನಾಗೇ ತುಂಬಿಕೊಳ್ಳುತ್ತದೆ, ಸ್ಕ್ಯಾಫೋಲ್ಡ್‌ಗೆ ಸುಮ್ನೆ ಹೆಸರು ಬರುತ್ತದೆ. ಮಂಡಿಯ ಮೇಲೆ ಭಾರ ಬೀಳುವ ರೀತಿ ನೋಡಬೇಕಾದರೆ ಕುರಿ, ಮೇಕೆ, ಹಂದಿ, ಕುದುರೆಯಂಥ ದೊಡ್ಡ ಪ್ರಾಣಿಯೇ ಬೇಕು. ಅದಕ್ಕೆ ಸಂಸ್ಥೆಯ ನೀತಿ ಸಮಿತಿ ಒಪ್ಪಿದರೆ ಸಾಲದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇರುವ ಕೇಂದ್ರ ಸಮಿತಿಯ ಅನುಮತಿಯೂ ಬೇಕು. ಎಷ್ಟು ಕುರಿ, ಯಾಕೆ ಅಷ್ಟು, ನೋವಿಗೆ ಏನು ಕೊಡುತ್ತೀರಿ ಅಂತ ಕೇಳುತ್ತಾರೆ. ಕೇಳಲೇಬೇಕು. ಆ ಪ್ರಶ್ನೆಗಳಿಗೆ ಉತ್ತರ ಬರೆಯುವಾಗಲೇ ನಮ್ಮ ಯೋಜನೆಯ ಎರಡು ದೊಡ್ಡ ತಪ್ಪುಗಳು ನನ್ನ ಕಣ್ಣಿಗೆ ಬಿದ್ದವು.

ಮಂಡ್ಯದವರು ಕೇಳುವ ಮೊದಲ ಪ್ರಶ್ನೆ, ಬಂಡೂರು ಕುರಿ ತಗೊಂಡ್ರಾ ಅಂತ. ಇಲ್ಲ. ಅದು ಗಿಡ್ಡ, ಮೈಕಟ್ಟು ಬಿಗಿ, ಹಿಂದಿನಿಂದ ನೋಡಿದರೆ ಕಾಲುಗಳ ನಡುವೆ ಬೋರಲು ಹಾಕಿದ ಲಾಳದ ಆಕಾರ. ಅದರ ಮಂಡಿ ಚಿಕ್ಕದು, 6 ಮಿ.ಮೀ. ತೂತಿಗೆ ಸುತ್ತ ಜಾಗ ಉಳಿಯುವುದಿಲ್ಲ. ನಾವು ದೊಡ್ಡ ಮೈಯ ಕೆಂಗುರಿ ತಳಿಯವನ್ನು ತಂದೆವು. ಮರಿಗಳನ್ನು ತರಲಿಲ್ಲ. ಬೆಳೆಯುವ ಮೂಳೆ ತನ್ನ ಗಾಯವನ್ನು ತಾನೇ ಚೆನ್ನಾಗಿ ತುಂಬಿಕೊಳ್ಳುತ್ತದೆ, ಆಗ ಪರೀಕ್ಷೆ ಸುಳ್ಳು ಹೇಳುತ್ತದೆ. ವಯಸ್ಸಿಗೆ ಬಂದ, ನಾಲ್ಕು ಹಲ್ಲು ದಾಟಿದವನ್ನು ಆರಿಸಿ, ಎಕ್ಸ್‌ರೇಯಲ್ಲಿ ಮೂಳೆಯ ಬೆಳವಣಿಗೆ ನಿಂತಿದೆ ಅಂತ ನೋಡಿಕೊಂಡೆವು.

ಆಪರೇಷನ್‌ಗೆ ಒಂದು ದಿನ ಮೊದಲೇ ಮೇವು ನಿಲ್ಲಿಸಬೇಕು. ಹೊಟ್ಟೆ ತುಂಬಿದ ಕುರಿಯನ್ನು ಮಲಗಿಸಿದರೆ ಉಬ್ಬರಿಸುತ್ತದೆ, ಒಳಗಿನ ಮೇವು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ. ಉಸಿರಾಟದ ಕೊಳವೆ ಹಾಕಿ, ಜೊಲ್ಲು ಹೊರಗೆ ಹರಿಯುವಂತೆ ಬಾಯಿಯನ್ನು ಕೆಳಕ್ಕೆ ಬಾಗಿಸುತ್ತೇವೆ. ಕುರಿಯ ಮೂಳೆ ತುಂಬಾ ಗಟ್ಟಿ. ಡ್ರಿಲ್ ಮಾಡುವಾಗ ತಣ್ಣನೆಯ ಸಲೈನ್ ಸುರಿಯುತ್ತಲೇ ಇರಬೇಕು, ಬಿಸಿಗೆ ಸುತ್ತಲಿನ ಮೂಳೆ ಸಾಯುತ್ತದೆ.

ಮೊದಲ ಕುರಿಯಲ್ಲಿ ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ. ಸಂಜೆಗೆ ಎದ್ದು ನಿಂತಿತು. ಮನುಷ್ಯರಿಗಾದರೆ ಆರು ವಾರ ಕಾಲಿಗೆ ಭಾರ ಹಾಕಬೇಡಿ ಅಂತ ಹೇಳಬಹುದು. ಕುರಿಗೆ ಯಾರು ಹೇಳುತ್ತಾರೆ? ನೋವಿಗೆ ಔಷಧಿ ಕೊಟ್ಟು, ಚಿಕ್ಕ ರೊಪ್ಪದಲ್ಲಿ ಇನ್ನೊಂದು ಕುರಿಯ ಜೊತೆ ಬಿಟ್ಟೆವು. ಒಂಟಿಯಾಗಿಟ್ಟರೆ ಹೆದರಿ ಗೋಡೆಗೆ ಹಾಯುತ್ತದೆ. ದಿನಾ ನಡೆಸಿ ಕುಂಟುವಿಕೆಗೆ ಅಂಕ ಹಾಕುತ್ತಿದ್ದೆವು. ಎರಡನೇ ವಾರಕ್ಕೆ ಅಂಕ ಸೊನ್ನೆ, ಅಂದರೆ ಕುಂಟುವುದೇ ಇಲ್ಲ.

ರೊಪ್ಪ ನೋಡಿಕೊಳ್ಳುತ್ತಿದ್ದ ಅಣ್ಣ ಮಳವಳ್ಳಿ ಕಡೆಯವರು. ಅವರು ಒಪ್ಪಲಿಲ್ಲ. "ಬಯಲಲ್ಲಿ ಸರಿಯಾಗದೆ ಮೇಡಂ. ಇಳುಕಲಲ್ಲಿ ಬುಟ್ಟು ನೋಡಿ, ಎಡಗಾಲು ಊರಕ್ಕೆ ಹೆದ್ರುತದೆ" ಅಂದರು. ನೋಡಿದೆ, ನಿಜ. ಮತ್ತೆ ಅರಿವಳಿಕೆ ಕೊಟ್ಟು ಮಂಡಿ ತೆರೆದಾಗ ಬಿರಡೆ ತೂತಿನಲ್ಲಿ ಇರಲಿಲ್ಲ. ಕೀಲಿನ ಒಂದು ಮೂಲೆಯಲ್ಲಿ ಸುಕ್ಕಾಗಿ ಬಿದ್ದಿತ್ತು.

ತಪ್ಪು ನನ್ನದೇ. ಮನುಷ್ಯರ ಮಂಡಿಯಲ್ಲಿ ಈ ಪದರ 2ರಿಂದ 4 ಮಿ.ಮೀ. ದಪ್ಪ ಇರುತ್ತದೆ, ಕುರಿಯಲ್ಲಿ ಸುಮಾರು 1 ಮಿ.ಮೀ. ಅಷ್ಟೆ. ನಾವು ಮನುಷ್ಯರ ಲೆಕ್ಕದಲ್ಲಿ ಬಿರಡೆ ಕತ್ತರಿಸಿದ್ದೆವು. ಅದು ಮೇಲ್ಮೈಯಿಂದ ಅರ್ಧ ಮಿಲಿಮೀಟರಿನಷ್ಟು ಎದ್ದು ನಿಂತಿತ್ತು, ಪ್ರತಿ ಹೆಜ್ಜೆಗೂ ಕೆಳಗಿನ ಮೂಳೆ ಅದನ್ನು ಉಜ್ಜಿತ್ತು. ಆ ಕುರಿಯನ್ನು ಲೆಕ್ಕದಿಂದ ಬಿಡೋಣ ಅಂತ ಮಾತು ಬಂತು. ನಾನು ಒಪ್ಪಲಿಲ್ಲ. ಅದು ಪಟ್ಟ ನೋವು ದಾಖಲೆ ಪುಸ್ತಕದಲ್ಲಿ ಇರಬೇಕು.

ಆಮೇಲೆ ಡ್ರಿಲ್‌ಗೆ ಆಳ ಮೀರದಂತೆ ತಡೆಬಳೆ ಹಾಕಿದೆವು. ಬಿರಡೆಯನ್ನು ಮೇಲ್ಮೈಗಿಂತ ಕೂದಲೆಳೆಯಷ್ಟು ಕೆಳಗೇ ಕೂರಿಸಿದೆವು. ಹೊಲಿಗೆ ಹಾಕುವ ಮುಂಚೆ ಮಂಡಿಯನ್ನು ಇಪ್ಪತ್ತು ಸಲ ಮಡಚಿ ಬಿಡಿಸಿ ನೋಡಿದೆವು. ಇದು ಎರಡು ನಿಮಿಷದ ಕೆಲಸ, ದಯವಿಟ್ಟು ಯಾರೂ ಬಿಡಬೇಡಿ. ಇಳುಕಲಲ್ಲಿ ನಡೆಸಿ ನೋಡುವುದನ್ನೂ ಪರೀಕ್ಷೆಗೆ ಸೇರಿಸಿದೆವು.

ಆರು ತಿಂಗಳಾದ ಮೇಲೆ, ನೋವಿಲ್ಲದಂತೆ ಕುರಿಗಳ ಜೀವ ತೆಗೆದು ಮಂಡಿ ನೋಡಬೇಕು. ಆ ದಿನ ಯಾರೂ ಜಾಸ್ತಿ ಮಾತಾಡುವುದಿಲ್ಲ. ಏನೂ ತುಂಬದೆ ಬಿಟ್ಟ ತೂತುಗಳನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದೆವು. ಬರಿಗಣ್ಣಿಗೆ ಎರಡೂ ಬೆಳ್ಳಗೆ ತುಂಬಿಕೊಂಡ ಹಾಗೇ ಕಂಡವು. ತೆಳ್ಳಗೆ ಕತ್ತರಿಸಿ ಸಫ್ರನಿನ್ ಬಣ್ಣ ಹಾಕಿದಾಗಲೇ ನಿಜ ಗೊತ್ತಾಗುವುದು. ಒಳ್ಳೆಯ ಕಾರ್ಟಿಲೇಜ್ ಕೆಂಪಾಗುತ್ತದೆ, ಬರೀ ನಾರಿನ ಅಂಗಾಂಶಕ್ಕೆ ಕೆಂಪು ಹತ್ತುವುದಿಲ್ಲ. ಖಾಲಿ ಬಿಟ್ಟ ತೂತು ಪೂರಾ ಪೇಲವವಾಗಿತ್ತು. ರೇಷ್ಮೆ ಇಟ್ಟ ಕಡೆ ಕೆಂಪು ಅಂಚಿನಿಂದ ಒಳಕ್ಕೆ ಬಂದಿತ್ತು, ನಡುವಿಗೆ ಇನ್ನೂ ತಲುಪಿರಲಿಲ್ಲ. ಒಂದು ಬದಿಯಲ್ಲಿ ಹಳೆಯದಕ್ಕೂ ಹೊಸದಕ್ಕೂ ನಡುವೆ ಸಣ್ಣ ಬಿರುಕು ಉಳಿದಿತ್ತು. ಈಗ ಆ ಅಂಚಿಗೆ ಫೈಬ್ರಿನ್ ಅಂಟು, ಅಂದರೆ ರಕ್ತ ಹೆಪ್ಪುಗಟ್ಟುವಾಗ ಆಗುವ ಪ್ರೋಟೀನಿನ ಅಂಟು, ಹಾಕಿ ನೋಡುತ್ತಿದ್ದೇವೆ. ಕುರಿಗೆ ಕೈ ಹಚ್ಚಿಲ್ಲ, ಕಸಾಯಿಖಾನೆಯಿಂದ ತಂದ ಮಂಡಿಗಳಲ್ಲೇ ಮೊದಲು.